ನೂರ ಹನ್ನೆರಡನೆಯ ಪುಟದ ಕಾಫಿ

ಸುಂಟಿಕೊಪ್ಪದ ಯೂನಿಯನ್ ಆಫೀಸು ಖಾಲಿ ಮಾಡಿದ ದಿನ
ರದ್ದಿಯ ತಕ್ಕಡಿಯಿಂದ ಎತ್ತಿಕೊಂಡು ಬಂದೆ ಈ ಕಾದಂಬರಿಯನ್ನು.
ರಟ್ಟಿಲ್ಲ. ಮೊದಲ ಹಾಳೆಯಲ್ಲಿ ನೇರಳೆ ಶಾಯಿಯ ಹೆಸರು:
ಪಿ. ಕುಂಞಂಬು.
ಕೊನೆಯ ಅಧ್ಯಾಯಗಳನ್ನು ಗೆದ್ದಲು ಓದಿ ಮುಗಿಸಿದೆ.

ಉಳಿದದ್ದನ್ನು ನಾನು ಓದಿದೆ, ಮೂರು ರಾತ್ರಿ,
ಅಮ್ಮತ್ತಿ ತೋಟದ ರೈಟರ್ ಕ್ವಾರ್ಟರ್ಸಿನಲ್ಲಿ
ಕರೆಂಟು ಇದ್ದಷ್ಟು ಹೊತ್ತು.

ಒಳ್ಳೆಯ ಊರು. ಬೀಗ ಮಾಡುವವನು ಅಲ್ಲಿ
ಕೆಲಸವಿಲ್ಲದೆ ಪಿಟೀಲು ಕಲಿತಿದ್ದಾನೆ.
ನೋಟು ನೋಡಬೇಕೆಂದರೆ ಮ್ಯೂಸಿಯಮ್ಮಿಗೆ ಹೋಗಬೇಕು.
ಪಾಳಿಯ ಮೇಲೆ ಎಲ್ಲರೂ ಚರಂಡಿ ತೋಡುತ್ತಾರೆ, ಡಾಕ್ಟರೂ, ಜಡ್ಜೂ.
ಜಡ್ಜು ಇದ್ದಾನೆಯೇ? ಇಲ್ಲ, ಅದು ನಾನು ಸೇರಿಸಿದ್ದು.
ಸಂಜೆ ದೊಡ್ಡ ಹಜಾರದಲ್ಲಿ ಒಂದೇ ಪಂಕ್ತಿ.
ನಂಬಿದೆ. ನಂಬುವುದೇನು, ಎರಡನೆಯ ರಾತ್ರಿ
ಆ ಪಂಕ್ತಿಯಲ್ಲಿ ಜಾಗ ನೋಡಿ ಕೂತೂ ಬಿಟ್ಟೆ.

ನೂರ ಹನ್ನೆರಡನೆಯ ಪುಟದಲ್ಲಿ ಊಟ ಮುಗಿದು
ಎಲ್ಲರಿಗೂ ಕಾಫಿ ಬರುತ್ತದೆ.
'ಬರುತ್ತದೆ' ಎಂಬುದರ ಕೆಳಗೆ ಕುಂಞಂಬುವಿನ ಸೀಸದ ಗೆರೆ,
ಅಂಚಿನಲ್ಲಿ ಒಂದೇ ಮಾತು: ಎಲ್ಲಿಂದ?

ಮರುದಿನ ಕಣದಲ್ಲಿ, ತೂಕದ ಹೊತ್ತು,
ರೊಬಸ್ಟಾ ಕೊಯ್ಲು, ಫೆಬ್ರವರಿಯ ಇಳಿಬಿಸಿಲು,
ಪಾಲಿಗೆ ಕಥೆ ಹೇಳಿದೆ. ಅವಳು ಚೀಲಕ್ಕೆ ಬೆನ್ನು ಕೊಟ್ಟು
ಕಾಲಿಗೆ ಹತ್ತಿದ ಕೆಂಜಿರುವೆ ಒಂದೊಂದೇ ಕಿತ್ತೆಸೆಯುತ್ತ ಕೇಳಿದಳು:
"ಅಲ್ಲಿ ಸಾವ್ಕಾರ್ರು?"
ಇಲ್ಲ.
"ರೈಟ್ರು?"
ಇಲ್ಲ.
"ನಮಗೆ ಏನು ಬೇಕೋ ಅದು ನೆಡಬಹುದಾ?"
ಹೌದು. ಎಲ್ಲರೂ ಕೂತು ಮಾತಾಡಿಕೊಂಡು.
ನಕ್ಕಳು. ಎಲೆಯಡಿಕೆಯ ಬಾಯಿ ತುಂಬ ನಕ್ಕಳು.
"ಹಂಗಾದ್ರೆ ಕಾಫಿ ಎಲ್ಲಿಂದ ಬಂತು ರೈಟ್ರೇ?
ನಾವು ಗೆಣಸು ನೆಡ್ತಿದ್ವು."

ಕೊಕ್ಕೆಗೆ ಅವಳ ಚೀಲ ಹಾಕಿದೆ. ಮುಳ್ಳು ಎಪ್ಪತ್ತೊಂದು.
ಚೀಲದ ಬಾಬ್ತು ಎರಡು ಕಿಲೋ ಕಳೆಯಬೇಕು.
ಹಿಂದಿನ ರೈಟರು ಕಳೆಯುತ್ತಿದ್ದರು, ಅವರ ಹಿಂದಿನವರೂ.
ಖಾಲಿ ಚೀಲವನ್ನು ಮಾತ್ರ
ಯಾರೂ ಎಂದೂ ಕೊಕ್ಕೆಗೆ ಹಾಕಿರಲಿಲ್ಲ.
ಹಾಕಿದೆ. ಮುಳ್ಳು ಒಂದರ ತನಕವೂ ಹೋಗಲಿಲ್ಲ.

ಎಪ್ಪತ್ತು ಎಂದು ಬರೆದೆ. ಪಾಲಿಗೆ ಮಾತ್ರ, ಅವತ್ತು ಮಾತ್ರ.
ಉಳಿದ ಮೂವತ್ತೆಂಟು ಚೀಲಕ್ಕೆ ಹಳೆಯ ಲೆಕ್ಕವೇ;
ಮೇಸ್ತ್ರಿ ನೋಡುತ್ತಿದ್ದ.

ರಾತ್ರಿ ನೂರ ಹನ್ನೆರಡು ತೆಗೆದು
'ಎಲ್ಲಿಂದ?' ಎಂಬುದರ ಕೆಳಗೆ ಬರೆದೆ: ಅಮ್ಮತ್ತಿಯಿಂದ.
ಸ್ವಲ್ಪ ಹೊತ್ತು ಬಿಟ್ಟು, ಪೆನ್ಸಿಲ್ ಮತ್ತೆ ಚೂಪು ಮಾಡಿ:
ಚೀಲಕ್ಕೆ ಎರಡು ಕಿಲೋ ಕಡಿಮೆ.