ಇದ್ದೀತು

ನಲವತ್ತೊಂದಕ್ಕೆ ನಾನು ಲೆಕ್ಕ ಕಲಿಯಲು ಕೂತೆ.
ಮೇಷ್ಟ್ರು ತೀರ್ಥಪ್ಪ. ಭದ್ರಾವತಿಯ ಕಾಗದದ ಮಿಲ್ಲಿನಲ್ಲಿ
ಹತ್ತು ಹಾಳೆ ಬೆಳಕಿಗೆ ಹಿಡಿದು
ಹತ್ತು ಸಾವಿರದ ಹಣೆಬರಹ ಹೇಳುತ್ತಿದ್ದವರು.
"ತಪ್ಪಲಿಲ್ಲವಾ ಸಾರ್?"
"ತಪ್ಪಿದ್ದೇನೆ. ಎಷ್ಟು ತಪ್ಪೀತು ಅಂತ
ಮೊದಲೇ ಬರೆದಿಟ್ಟು ತಪ್ಪಿದ್ದೇನೆ."

ಪುಸ್ತಕದಲ್ಲಿ ನಾಣ್ಯವಿತ್ತು. ಮುಚ್ಚಿಸಿದರು.
ಕವಡೆ ತಾ ಅಂದರು, ನಿಮ್ಮಮ್ಮನ ಚೌಕಾಬಾರದ್ದು.
ನಾಣ್ಯಕ್ಕೆ ಎರಡು ಮಗ್ಗುಲೂ ಸಮ; ಕವಡೆಗೆ
ಬೆನ್ನು ಬೇರೆ, ಬಾಯಿ ಬೇರೆ.
ಲೋಕ ಕವಡೆ ಜಾತಿ. ಇನ್ನೂರು ಸಲ ಎಸೆ, ಗೀಟು ಹಾಕು.

ಎಸೆದೆ, ವಿನೋಬನಗರದ ಬಾಡಿಗೆ ಮನೆಯ ನೆಲದ ಮೇಲೆ,
ಕೆಳಮನೆಯವರು ಏನು ಸದ್ದೆಂದು ಹತ್ತಿ ಬರುವತನಕ.
ಅಂಚು ಮುಕ್ಕಾದ ಒಂದು ಕವಡೆ
ಇನ್ನೂರರಲ್ಲಿ ನೂರ ಇಪ್ಪತ್ತಮೂರು ಸಲ ಬಾಯಿ ತೆರೆಯಿತು.
ಫೋನ್ ಮಾಡಿದೆ. ಅಮ್ಮ ನಕ್ಕಳು:
"ಅದು ನನ್ನ ಸರದಿಗೆ ಮಾತ್ರ
ಸೆರಗಿನ ಗಂಟಿಂದ ಇಳಿಯೋದು."

ಹಗಲು ನಾನು ದುರ್ಗಿಗುಡಿಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು.
ನಮ್ಮ ಚೀಟಿಗೆ ಎರಡೇ ಖಾನೆ: ಇದೆ, ಇಲ್ಲ.
ಎಂಟನೇ ಕ್ಲಾಸಿನ ವ್ಯಾಕರಣದಲ್ಲಿ ಮೂರನೆಯದೊಂದಿತ್ತು,
ಬಂದೀತು, ಹೋದೀತು, ಇದ್ದೀತು.
ಸಂಭಾವನಾರ್ಥಕ. ಒಂದು ಅಂಕದ ಪ್ರಶ್ನೆ.
ಬಿಟ್ಟು ಬಂದಿದ್ದೆ.

ಮೊನ್ನೆ ಗುತ್ಯಮ್ಮ ಬಂದಳು,
ಆಯನೂರಿನಾಚೆ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು.
ಶಿಬಿರದಲ್ಲಿ ಸಾವಿರ ಜನರ ಸಾಲಲ್ಲಿ ಕೊಟ್ಟ ರಕ್ತ;
ಚೀಟಿಯಲ್ಲಿ 'ಇದೆ'.
ಆಗಲೇ ಓಲೆ ಬಿಚ್ಚಿ ಮಗಳಿಗೆ ಕೊಟ್ಟು
ಕಿವಿಯ ತೂತಿಗೆ ಕಸಬರಿಕೆ ಕಡ್ಡಿ ಸಿಕ್ಕಿಸಿಕೊಂಡಿದ್ದಳು.

ಡಬ್ಬಿಯಿಂದ ಹುಣಸೆಬೀಜ ಸುರಿದೆ.
ನೋಡು, ಸಾವಿರದಲ್ಲಿ ಕಾಯಿಲೆ ಇರೋದು ಹತ್ತು ಮಂದಿಗೆ.
ಒಂಬತ್ತನ್ನು ಈ ಪರೀಕ್ಷೆ ಹಿಡಿಯುತ್ತೆ,
ಒಂದು ನುಣುಚಿಕೊಳ್ಳುತ್ತೆ.
ಉಳಿದವರು ಗಟ್ಟಿಮುಟ್ಟು. ಆದರೂ ಇಪ್ಪತ್ತಕ್ಕೊಬ್ಬರ ಮೇಲೆ
ಸುಳ್ಳು ದೂರು. ಎಣಿಸು, ಹೆಚ್ಚುಕಮ್ಮಿ ಐವತ್ತು.

ಇನ್ನೂರು ಮಕ್ಕಳ ಸಾರಿಗೆ ಕೈಯಳತೆಯಲ್ಲೇ ಉಪ್ಪು ಹಾಕುವವಳು
ನನಗಿಂತ ಬೇಗ ಎಣಿಸಿದಳು.
ಎರಡೂ ಗುಡ್ಡೆ ಕೂಡಿಸಿದೆ:
ಐವತ್ತೊಂಬತ್ತು ಚೀಟಿ, ಎಲ್ಲದರಲ್ಲೂ 'ಇದೆ',
ನಿಜ ಒಂಬತ್ತೇ.

ಬೀಜಗಳ ನಡುವೆ ಬೆರಳಾಡಿಸಿದಳು.
"ಆ ಒಂಬತ್ತು ಯಾವುವು?"
"ಗುರುತಿಲ್ಲ. ಇನ್ನೊಂದು ಪರೀಕ್ಷೆ ಆಗಬೇಕು. ಗುರುವಾರ ಬಾ."
"ಹಂಗಾರೆ ನಂಗೆ?"
ನಾಲಿಗೆಗೆ ಬಂದದ್ದು ಶೇಕಡ ಹದಿನೈದು.
ಆಡಿದ್ದು, "ಇದ್ದೀತು. ಇರಲಿಕ್ಕಿಲ್ಲ ಅನ್ನೋದೇ ಜಾಸ್ತಿ."

ಸುಮ್ಮನಿದ್ದು ಅಂದಳು:
"ಐವತ್ತೊಂಬತ್ತು ಅಗುಳಲ್ಲಿ ಒಂಬತ್ತು ಕಲ್ಲಿದ್ರೆ
ಮಕ್ಕಳು ತಟ್ಟೆ ಬಿಟ್ಟು ಏಳ್ತಾವೆ ಅಕ್ಕಾ."

ತೀರ್ಥಪ್ಪನವರು ಇದನ್ನು ಹೇಳಿಕೊಟ್ಟಿರಲಿಲ್ಲ.

ಕುಂಸಿ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.
ಬಾಗಿಲಲ್ಲಿ ಒಂದು ಸಲ ಕಿವಿ ಮುಟ್ಟಿಕೊಂಡಳು.

ಸಂಜೆ ಡಬ್ಬಿಗೆ ತುಂಬುವಾಗ ಎಣಿಸಿದೆ. ಐವತ್ತೆಂಟು.
ಮತ್ತೆ ಎಣಿಸಿದೆ.
ಮೇಜಿನಡಿ ಮೊಣಕಾಲೂರಿ ಹುಡುಕಿದೆ,
ಸೂಜಿಯ ಮುಚ್ಚಳ ಸಿಕ್ಕಿತು, ಯಾರದೋ ಪಿನ್ನು.

ಅವಳ ಸೆರಗಿನ ಗಂಟಲ್ಲಿ ಇದ್ದೀತು.
ಯಾವ ಗುಡ್ಡೆಯದೋ.