ಸೂಕ್ಷ್ಮ ಎಂಬತ್ತು

ಹನ್ನೊಂದು ಕಿಲೋ ತಾಮ್ರದ ತಂತಿ ಹೋದಮೇಲೆ
ಬಂತು ಈ ಕಣ್ಣು.
ಆಟೋ ಕಾಂಪ್ಲೆಕ್ಸಿನ ನನ್ನ ವೈಂಡಿಂಗ್ ಶೆಡ್ಡಿನ ಸೂರಿಗೆ
ಮೊಳೆ ಹೊಡೆದು, ಏಣಿಯ ಮೇಲಿಂದಲೇ
ಇಮ್ತಿಯಾಜ್ ಕೇಳಿದ:
'ಸೂಕ್ಷ್ಮ ಎಷ್ಟಿಡಲಿ ಎಲ್ಲೋಜಣ್ಣ, ನೂರಕ್ಕೆ?'
ನನ್ನ ಜನ್ಮದಲ್ಲಿ ಯಾರೂ ನನ್ನನ್ನು
ಅದನ್ನು ಕೇಳಿರಲಿಲ್ಲ.
ಎಂಬತ್ತು ಸಾಕು ಅಂದೆ.

ಅವತ್ತು ರಾತ್ರಿ ಮನೆಯಲ್ಲಿ, ದಿಂಬಿನಡಿ,
ಟಿಣ್. ಚಲನೆ ಪತ್ತೆ.
ನೋಡಿದರೆ ಜೇಡ. ಗಾಜಿನ ಮೇಲೇ ಸಂಸಾರ ಹೂಡಿದೆ,
ಒಂದೊಂದು ಕಾಲೂ ಲಾರಿಯ ಆಕ್ಸಲ್ಲು.
ಟಿಣ್. ಸಾಗರದ ಕಡೆ ಹೋಗುವ ಗಾಡಿಯ ದೀಪ
ಗೋಡೆ ಒರೆಸಿಕೊಂಡು ಹೋಯಿತು.
ಟಿಣ್. ಗೂಟದಲ್ಲಿ ನನ್ನದೇ ಗ್ರೀಸಿನ ಅಂಗಿ
ನಾನಿಲ್ಲದೆ ಆಡುತ್ತಿದೆ.
ಹೆಂಡತಿ ಮಗ್ಗುಲಾದಳು:
'ಕಳ್ಳ ಒಂದೇ ಸಲ ಬಂದಿದ್ದ.
ಇದು ದಿನಾ ಬರುತ್ತಲ್ಲ.'

ಮರುದಿನ ಇಮ್ತಿಯಾಜ್ ಬೆರಳಲ್ಲಿ ಪರದೆಯ ಮೇಲೆ ಚೌಕ ಎಳೆದ:
ಇಷ್ಟು ಮಾತ್ರ ನೋಡು.
ಜೇಡ ಹೊರಗೆ. ಅಂಗಿ ಹೊರಗೆ.
ಪಕ್ಕದ ಏಳುಮಲೈಯ ಶಟರ್ ಒಳಗಿರಲಿ ಅಂದೆ.
ಇಮ್ತಿಯಾಜ್ ನನ್ನ ಮುಖ ನೋಡಿದ, ಎಳೆದ.
ಸದ್ದಿಗೆ ಮಾತ್ರ ಗೆರೆ ಹಾಕಲು ಬರುವುದಿಲ್ಲವಂತೆ.

ಹಾಗೆ ಸಿಕ್ಕಿತು ಆ ಕೆಮ್ಮು.
ದಿನವೂ ಮೂರು ಹತ್ತಕ್ಕೆ, ರೇಡಿಯೇಟರ್‌ಗಳ ನಡುವಿಂದ.
ಹದಿನಾಲ್ಕು ವರ್ಷ ಒಂದೇ ಗೋಡೆ,
ಅವನು ಅಂಗಡಿಯಲ್ಲೇ ಮಲಗುತ್ತಾನೆಂದು ಗೊತ್ತಿರಲಿಲ್ಲ ನನಗೆ.
ಪೊಲೀಸರಿಗೆ ಕೊಟ್ಟ ಮೂರು ಹೆಸರಲ್ಲಿ
ಅವನದೂ ಒಂದು.

ಯಂತ್ರಕ್ಕೆ ಗೊತ್ತಿರುವುದು ಮೂರೇ ಸದ್ದು:
ಮಗುವಿನ ಅಳು, ಒಡೆದ ಗಾಜು, ನಾಯಿ.
ಏಳುಮಲೈಯ ಕೆಮ್ಮಿಗೆ ಅದು ದಿನಾ ಬರೆಯುತ್ತಿತ್ತು: ನಾಯಿ.
ತಿದ್ದುವ ಗುಂಡಿ ಇತ್ತು.
ನಾನು ಒತ್ತಲಿಲ್ಲ.

ಒಂದು ರಾತ್ರಿ ಎಚ್ಚರಾಯಿತು.
ಯಾವ ಸದ್ದಿಗೆ ಎಂದು ಹುಡುಕಿದೆ. ಯಾವುದೂ ಇಲ್ಲ.
ಮೂರು ಇಪ್ಪತ್ತು. ಮೂರು ಮೂವತ್ತೈದು.
ನೆಟ್‌ವರ್ಕ್ ಕಡ್ಡಿ ನಾಲ್ಕೂ ನಿಂತಿವೆ.
ಆಗದೇ ಇದ್ದದ್ದನ್ನು ಹೇಳಲು
ಅದರಲ್ಲಿ ಟಿಣ್ ಇಲ್ಲ.

ಸ್ಕೂಟರ್ ತೆಗೆದೆ. ರೈಲ್ವೆ ಗೇಟಿನ ಹತ್ತಿರ
ನಿಜವಾದ ನಾಯಿಗಳು ಅಟ್ಟಿಸಿಕೊಂಡು ಬಂದವು.
ಶಟರಿನ ಮುಂದೆ ನಿಂತು ಕೈ ಎತ್ತಿದೆ,
ಟಿಣ್, ನನ್ನ ಜೇಬೊಳಗೆ.
ತೆಗೆದು ನೋಡಿದರೆ, ಬೂದು ಬೆಳಕಲ್ಲಿ
ಯಾರದೋ ಬಾಗಿಲಲ್ಲಿ ಬಗ್ಗಿ ನಿಂತವನು ಒಬ್ಬ,
ಮುಖ ಸರಿಯಾಗಿ ಬಿದ್ದಿಲ್ಲ.

ತಟ್ಟಿದೆ. ತುಂಬ ಹೊತ್ತಿನ ಮೇಲೆ ಒಳಗೆ ಡಬ್ಬ ಉರುಳಿತು.
ನಿದ್ದೆಯ ದನಿ: 'ಯಾರದು?'
ಗಂಟಲು ಕಟ್ಟಿತ್ತು, ಹೇಗೋ
'ನಾನು' ಅಂದೆ.

ಟಿಣ್.
ನಾಯಿ, ಅಂತು ಜೇಬು.