ಟೋಕನ್

ಮಿಕ್ಸರಿನ ಖಾಲಿ ಡಬ್ಬದಲ್ಲಿ ಬಂತು.
ಡಬ್ಬಕ್ಕೆ ಏಳು ತೂತು,
ಸುತ್ತಿದ್ದು ಹೋಟೆಲಿನ ಬಾಳೆಎಲೆ ಕಟ್ಟಿನ ಹಗ್ಗ.
ಸಯನಿನಿಂದ ಭಾಂಡುಪಿಗೆ, ಸ್ಲೋ ಲೋಕಲಿನಲ್ಲಿ,
ಇವರ ತೊಡೆಯ ಮೇಲೆ.
ಘಾಟ್ಕೋಪರದವರೆಗೆ ಕೂಗಿ ಆಮೇಲೆ ಸುಮ್ಮನಾಯಿತಂತೆ.

ಹೋಟೆಲಿಗೆ ಬೀಗ ಬಿತ್ತು. ಮಾಲಿಕರ ಮಗ
ಗ್ರೈಂಡರು, ಬೆಂಚು, ಗೋಡೆಯ ಕನ್ನಡಿ ಎಲ್ಲ ಮಾರಿದ.
ಉಳಿದದ್ದು, ಗಲ್ಲಾಪೆಟ್ಟಿಗೆಯ ಮೇಲೆ ಎಂಟು ವರ್ಷ ಕೂತ
ಈ ಗಂಡುಬೆಕ್ಕು,
ಅದರ ಹಿಂದೆ ಮೂವತ್ತೊಂದು ವರ್ಷ ಕೂತ ಇವರು.
ಹೆಸರು ಟೋಕನ್, ಅಂದರು.
ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು
ಎಲ್ಲಿಡಲಿ, ಅಂದರು.

ಎಲ್ಲಿಡುವುದು? ಒಂದು ರೂಮು, ಒಂದು ಅಡುಗೆಮನೆ.
ಕಪಾಟಿನ ಮೇಲೆ ಪೊಣ್ಣುವಿನ ರಾಜ್ಯ,
ಕಿಟಕಿಯ ಜಾಲರಿಯಲ್ಲಿ, ತುಳಸಿ ಕುಂಡದ ಪಕ್ಕ, ಸಿಂಗಾರಿಯದು.
ಇಬ್ಬರೂ ಬಾಲವನ್ನು ಬಾಟಲಿ ತೊಳೆಯುವ ಬ್ರಶ್ಶು ಮಾಡಿಕೊಂಡು
ಡಬ್ಬವನ್ನೇ ನೋಡಿದರು.

ಮೀನಿನ ಸುಗಂಧಾಬಾಯಿಗೆ ಹನ್ನೊಂದು ಬೆಕ್ಕು.
ಬೊಂಬಿಲ್ ಕತ್ತರಿಸುತ್ತಲೇ ಹೇಳಿದಳು:
"ಮುಖ ತೋರಿಸಬೇಡ. ಬಾಗಿಲು ಹಾಕಿಡು.
ಮೊದಲು ಮೂಗು, ಆಮೇಲೆ ಕಿವಿ, ಕಣ್ಣು ಕಡೆಗೆ.
ಬಲಿತ ಬೆಕ್ಕು ಬಾಯಿ, ಗಡಿಬಿಡಿ ಮಾಡಿದೆಯೋ
ವರ್ಷವಿಡೀ ಯುದ್ಧ."

ಹಾಗೆ ಬಚ್ಚಲು ಟೋಕನ್ನಿನದಾಯಿತು.
ನಮ್ಮ ಸ್ನಾನವೆಲ್ಲ
ಬಕೆಟಿನ ಹಿಂದಿನ ಎರಡು ಹಳದಿ ಕಣ್ಣುಗಳ ಅಪ್ಪಣೆ ಪಡೆದು.
ಅವನು ಮಲಗಿದ ಟವಲು ಹೊರಗೆ,
ಪೊಣ್ಣು ಮಲಗಿದ ಗೋಣಿ ಒಳಗೆ.
ಸಿಂಗಾರಿ ಟವಲಿಗೊಂದು ಬಾರಿಸಿದಳು,
ಟವಲು ತಿರುಗಿ ಬಾರಿಸಲಿಲ್ಲವೆಂದು ಇನ್ನೊಂದು.

ಬಾಗಿಲಿನ ಈಚೆ ಎರಡು ತಟ್ಟೆ, ಆಚೆ ಒಂದು,
ದಿನಕ್ಕೊಂದು ಬೆರಳು ಹತ್ತಿರ.
ಮೊದಲು ಗುರ್ ಅಂದು ತಿಂದರು.
ವಾರ ಕಳೆದ ಮೇಲೆ ತಿಂದು ಗುರ್ ಅಂದರು.

ಇವರಿಗೆ ಮಾತ್ರ ಯಾರೂ ಬಾಗಿಲು ಹಾಕಿರಲಿಲ್ಲ.
ರಾತ್ರಿ ಹನ್ನೆರಡೂವರೆಗೆ ಬಂದು ಬೆಳಿಗ್ಗೆ ಐದಕ್ಕೆ ಹೋಗುತ್ತಿದ್ದ ಮನುಷ್ಯ
ಈಗ ಹಗಲು ಹನ್ನೊಂದಕ್ಕೆ ಅಡುಗೆಮನೆಯಲ್ಲಿ ನಿಂತು
ಒಂದೊಂದೇ ಡಬ್ಬದ ಮುಚ್ಚಳ ತೆಗೆದು ಮೂಸುತ್ತಾರೆ.
ಕೊತ್ತಂಬರಿ ಬೀಜ ಇಲ್ಲಿ ಯಾಕೆ, ಅನ್ನುತ್ತಾರೆ.
ಫ್ಯಾನಿನ ಕೆಳಗೆ, ನನ್ನ ಮಧ್ಯಾಹ್ನದ ಜಾಗದಲ್ಲಿ,
ಉದ್ದಕ್ಕೆ ಮಲಗುತ್ತಾರೆ.
ನಾನು ಗುರ್ ಅಂದದ್ದು ಅವರಿಗೆ ಕೇಳಿಸಿತೋ ಇಲ್ಲವೋ.

ಒಂಬತ್ತನೆಯ ರಾತ್ರಿ ಇವರು ಚಿಲಕ ಮರೆತರು.
ಸ್ಟೀಲು ಪಾತ್ರೆಗಳೆಲ್ಲ ನೆಲಕ್ಕೆ,
ಪೊಣ್ಣುವಿನ ಕಿವಿಯಲ್ಲಿ ಕೆಂಪು ಹನಿ,
ಕೆಳಮನೆಯ ಕಾಂಬಳೆ ಕೋಲಿನಿಂದ ತನ್ನ ಮಾಳಿಗೆ ಕುಟ್ಟಿದ.
ಅರಸಿನ ಹಚ್ಚಿ, ದೀಪ ಆರಿಸಿ, ಎಷ್ಟೋ ಹೊತ್ತಿನ ಮೇಲೆ
ಕತ್ತಲಲ್ಲಿ ಇವರ ದನಿ:
"ಅದಕ್ಕೆ ಗಿರಾಕಿಗಳ ಅಭ್ಯಾಸ.
ಬರುತ್ತಾರೆ, ತಿನ್ನುತ್ತಾರೆ, ಹೋಗುತ್ತಾರೆ.
ಹೋಗದವರನ್ನು ಅದು ನೋಡಿಲ್ಲ."

ನಾನೇನೂ ಹೇಳಲಿಲ್ಲ.
ಬೆಳಿಗ್ಗೆ ಮತ್ತೆ ಮೊದಲಿನಿಂದ:
ಟವಲು, ತಟ್ಟೆ, ಬೆರಳು.

ಈಗ ಚಿಲಕವಿಲ್ಲ. ಪ್ರೀತಿಯೂ ಇಲ್ಲ, ಸುಳ್ಳು ಯಾಕೆ.
ಎದುರಿನ ಟವರು ಎದ್ದ ಮೇಲೆ
ನಮ್ಮ ಕಿಟಕಿಗೆ ಬಿಸಿಲು ಮೂರರಿಂದ ನಾಲ್ಕು, ಅಷ್ಟೇ.
ಆ ಒಂದು ತುಂಡು ಬಿಸಿಲಿನಲ್ಲಿ
ಮೂರು ಬೆನ್ನು, ಮೂರು ದಿಕ್ಕು, ನಡುವೆ ಒಂದೊಂದು ಗೇಣು.
ಬಾಲದ ತುದಿ ತಾಗಿದರೆ ತಾಗಿತು,
ಯಾರೂ ತಿರುಗಿ ನೋಡುವುದಿಲ್ಲ.

ಇವರು ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದ್ದಾರೆ,
ಬಿಲ್ಲು ಬರೆಯುತ್ತಿದ್ದ ಅದೇ ಓರೆ ಅಕ್ಷರ.
ಕೊತ್ತಂಬರಿಗೆ ಕೊತ್ತಂಬರಿ ಎಂದು ಬರೆದು
ನಾನಿಟ್ಟಲ್ಲೇ ಇಟ್ಟಿದ್ದಾರೆ.
ನಾನು ಒಂದನ್ನೂ ಕಿತ್ತಿಲ್ಲ,
ಇಂಗಿನದೊಂದು ಬಿಟ್ಟು.
ಇಂಗು ಎಲ್ಲಿದೆಯೆಂದು
ಮೂಗಿಗೇ ಗೊತ್ತು.